ನಾಯಿಕೆಮ್ಮು ಲಸಿಕೆ: ಶಿಶುಗಳಲ್ಲಿ ಪರೀಕ್ಷೆ

ಬೋರ್ಡಿಟೆಲ್ಲಾ ಪರ್ಟುಸಿಸ್ ಬ್ಯಾಕ್ಟೀರಿಯದಿಂದ ಹರಡುವ ನಾಯಿಕೆಮ್ಮಿನ ಲಸಿಕೆ ಎಳೆಯ ಮಕ್ಕಳಿಗೆ ಸುರಕ್ಷಿತವೇ, ಪರಿಣಾಮಕಾರಿಯೇ ಎಂದು ನಿರ್ಧರಿಸುವ ಕ್ರಮ. ಈ ರೋಗ ಹೆಚ್ಚಾಗಿ ಬಲಿ ಪಡೆಯುವುದು ಮೊದಲ ಕೆಲವು ತಿಂಗಳ ಕೂಸುಗಳನ್ನು. ಹಾಗಾಗಿ ಅಂತಿಮ ಪರೀಕ್ಷೆ ಶಿಶುಗಳಲ್ಲೇ ನಡೆಯಬೇಕಾಗುತ್ತದೆ. ಪೋಷಕರ ತಿಳಿವಳಿಕೆಯ ಒಪ್ಪಿಗೆ, ನೀತಿ ಸಮಿತಿಯ ಅನುಮತಿ ಕಡ್ಡಾಯ. ಚುಚ್ಚುಮದ್ದಿನ ನಂತರದ ಜ್ವರ, ಊತಗಳನ್ನು ದಾಖಲಿಸಿ, ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುತ್ತಾರೆ.

ಇತಿಹಾಸ: ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ 1934ರಲ್ಲಿ ಮಕ್ಕಳ ಮೇಲಿನ ಕ್ಷೇತ್ರ ಪರೀಕ್ಷೆ ಆರಂಭಿಸಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು 1946ರಲ್ಲಿ ಮೊದಲಾದವು. ಇಡೀ ಬ್ಯಾಕ್ಟೀರಿಯದ ಬದಲು ಅದರ ಕೆಲವು ಭಾಗಗಳನ್ನಷ್ಟೇ ಬಳಸುವ, ಅಡ್ಡಪರಿಣಾಮ ಕಡಿಮೆಯಿರುವ ಕೋಶರಹಿತ ಲಸಿಕೆಗಳನ್ನು 1990ರ ದಶಕದಲ್ಲಿ ಸ್ವೀಡನ್, ಇಟಲಿಗಳಲ್ಲಿ ಪರೀಕ್ಷಿಸಲಾಯಿತು.

ಭಾರತದಲ್ಲಿ: 1978ರಲ್ಲಿ ಆರಂಭವಾದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಡಿಪಿಟಿ (ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಸೇರಿತ್ತು. ಈಗ ನಾಯಿಕೆಮ್ಮು ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು 6, 10, 14ನೇ ವಾರಗಳಲ್ಲಿ ಉಚಿತವಾಗಿ ನೀಡುತ್ತಾರೆ. ಡಿಪಿಟಿ ಬೂಸ್ಟರ್ 16–24 ತಿಂಗಳಲ್ಲಿ ಮತ್ತು 5–6ನೇ ವರ್ಷದಲ್ಲಿ. ತಾಯಿ–ಮಗುವಿನ ಆರೋಗ್ಯ ದಾಖಲೆಯಾದ ತಾಯಿ ಕಾರ್ಡ್‌ನಲ್ಲಿ ಬರೆದ ದಿನಾಂಕವನ್ನು ಪೋಷಕರು ತಪ್ಪಿಸಬಾರದು.