ಟಿಎಚ್‌ಸಿ: ಗಾಂಜಾದ ಅಮಲಿನ ಮೂಲ ಮತ್ತು ದೇಹದ ಮೇಲೆ ಅದರ ಪರಿಣಾಮ

ಗಾಂಜಾ, ಚರಸ್, ಭಂಗಿ: ಹೆಸರು ಮೂರಾದರೂ ಗಿಡ ಒಂದೇ. ಕ್ಯಾನಬಿಸ್ ಸಸ್ಯದ ಹೂಗೊಂಚಲು ಗಾಂಜಾ. ಅದರಿಂದ ಬೇರ್ಪಡಿಸಿದ ಅಂಟು ರಾಳ ಚರಸ್. ಎಲೆಯನ್ನು ಅರೆದು ಸಿದ್ಧಪಡಿಸುವುದು ಭಂಗಿ. ಈ ಮೂರರಲ್ಲಿಯೂ ಅಮಲಿಗೆ ಕಾರಣವಾಗುವ ಮುಖ್ಯ ರಾಸಾಯನಿಕವೇ ಟೆಟ್ರಾಹೈಡ್ರೊಕ್ಯಾನಬಿನಾಲ್, ಅಂದರೆ ಟಿಎಚ್‌ಸಿ. ಎಲೆಯಲ್ಲಿ ಇದರ ಪ್ರಮಾಣ ಕಡಿಮೆ, ರಾಳದಲ್ಲಿ ಅಧಿಕ.

ಭಾರತದಲ್ಲಿ 10ರಿಂದ 75 ವರ್ಷ ವಯೋಮಾನದ ಸುಮಾರು 3.1 ಕೋಟಿ ಜನರು ಹಿಂದಿನ ಒಂದು ವರ್ಷದಲ್ಲಿ ಇವುಗಳಲ್ಲಿ ಒಂದನ್ನಾದರೂ ಸೇವಿಸಿದ್ದರೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತ್ತು. ಸೊಪ್ಪಿನಿಂದ ಏನಾದೀತು ಎಂಬ ಉದಾಸೀನ ವ್ಯಾಪಕವಾಗಿರುವುದರಿಂದ, ಈ ರಾಸಾಯನಿಕ ದೇಹದೊಳಗೆ ಮಾಡುವ ಕೆಲಸವನ್ನು ಅರಿಯುವುದು ಅಗತ್ಯ.

ಮಿದುಳಿನಲ್ಲಿ ನಡೆಯುವುದೇನು?

ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಅದು ಅಂಟಿಕೊಳ್ಳುವ ಗ್ರಾಹಿಗಳು ಮಿದುಳಿನ ಜೀವಕೋಶಗಳಲ್ಲಿವೆ ಎಂಬುದು 1988ರಲ್ಲಿ ದೃಢಪಟ್ಟಿತು. ಈ ಗ್ರಾಹಿಗಳಿಗೆ ಹೊಂದುವ ವಸ್ತುವೊಂದನ್ನು ದೇಹವೇ ತಯಾರಿಸುತ್ತದೆ ಎಂಬುದು 1992ರಲ್ಲಿ ತಿಳಿದುಬಂದಿತು. ಸಂಸ್ಕೃತದ ‘ಆನಂದ’ ಪದದಿಂದಲೇ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಡಲಾಯಿತು.

ದೇಹದ ಆನಂದಮೈಡ್ ಬೇಕಾದ ಕಡೆ ಬೇಕಾದಷ್ಟೇ ಉತ್ಪತ್ತಿಯಾಗಿ ಬೇಗನೆ ಕರಗಿಹೋಗುತ್ತದೆ. ಟಿಎಚ್‌ಸಿ ಹಾಗಲ್ಲ, ಅದು ಮಿದುಳಿನ ತುಂಬ ಹರಡಿ ಬಹುಕಾಲ ಉಳಿಯುತ್ತದೆ. ಇದರಿಂದ ನೆನಪಿನ ಶಕ್ತಿ ತಾತ್ಕಾಲಿಕವಾಗಿ ಕುಂದುತ್ತದೆ, ಕಾಲದ ಅರಿವು ತಪ್ಪುತ್ತದೆ, ಅಂಗಾಂಗಗಳ ಹೊಂದಾಣಿಕೆ ಕೆಡುತ್ತದೆ. ಹಸಿವು ಹೆಚ್ಚುತ್ತದೆ, ಬಾಯಿ ಒಣಗುತ್ತದೆ, ಕಣ್ಣು ಕೆಂಪಾಗುತ್ತದೆ, ಹೃದಯದ ಬಡಿತ ಏರುತ್ತದೆ. ಕೆಲವರಲ್ಲಿ ಉಲ್ಲಾಸದ ಬದಲು ತೀವ್ರ ಭಯ ಹಾಗೂ ಸಂಶಯ ಮೂಡುವುದುಂಟು.

ಹೊಗೆ ಬೇರೆ, ತಿನಿಸು ಬೇರೆ

ಹೊಗೆಯ ಮೂಲಕ ಒಳಹೋದ ಟಿಎಚ್‌ಸಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ತಲುಪುತ್ತದೆ. ಅಮಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಹಾಲು, ತುಪ್ಪ, ಸಿಹಿತಿನಿಸುಗಳಲ್ಲಿ ಬೆರೆಸಿ ಸೇವಿಸಿದಾಗ ಪರಿಣಾಮ ಕಾಣಿಸಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಈ ಅವಧಿಯಲ್ಲಿ ಯಕೃತ್ತು ಅದನ್ನು ಇನ್ನೊಂದು ಪ್ರಬಲ ಅಮಲುಕಾರಕವಾಗಿ ಮಾರ್ಪಡಿಸುತ್ತದೆ. ಆದಕಾರಣ ತಡವಾಗಿ ಏರುವ ಅಮಲು ಆರರಿಂದ ಎಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಇಳಿಯುವುದಿಲ್ಲ.

ಹಬ್ಬದ ದಿನ ಭಂಗಿ ಸೇವಿಸಿ ಆಸ್ಪತ್ರೆ ಸೇರುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಮೊದಲ ಲೋಟದಿಂದ ಏನೂ ಆಗಲಿಲ್ಲವೆಂದು ಎರಡನೆಯದನ್ನು ಕುಡಿಯುತ್ತಾರೆ. ಅನಂತರ ಎರಡರ ಅಮಲೂ ಒಟ್ಟಿಗೆ ಏರುತ್ತದೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಹೂವಿನಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಸೇರಿಲ್ಲ. ಆದರೆ ಎಲೆಗೆ ಕಾನೂನಿನಲ್ಲಿ ವಿನಾಯಿತಿ ಇದೆಯೆಂದ ಮಾತ್ರಕ್ಕೆ ದೇಹ ವಿನಾಯಿತಿ ನೀಡುವುದಿಲ್ಲ.

ಅಮಲು ಇಳಿದ ನಂತರ

ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ದೇಹದ ಕೊಬ್ಬಿನಲ್ಲಿ ಸಂಗ್ರಹವಾಗಿ ನಿಧಾನವಾಗಿ ಹೊರಬೀಳುತ್ತದೆ. ಅಪರೂಪಕ್ಕೆ ಸೇವಿಸಿದವರ ಮೂತ್ರದಲ್ಲಿ ಅದರ ಕುರುಹು ಕೆಲವು ದಿನ ಮಾತ್ರ ಸಿಕ್ಕರೆ, ನಿತ್ಯ ಸೇವಿಸುವವರಲ್ಲಿ ಒಂದು ತಿಂಗಳ ನಂತರವೂ ಸಿಗಬಹುದು. ಮೂತ್ರ ಪರೀಕ್ಷೆ ಹಿಂದಿನ ಸೇವನೆಯನ್ನು ತೋರುತ್ತದೆಯೇ ಹೊರತು ಆ ಕ್ಷಣದ ಅಮಲನ್ನಲ್ಲ.

ಯಾರಿಗೆ ಅಪಾಯ ಹೆಚ್ಚು?

ಮಿದುಳಿನ ಬೆಳವಣಿಗೆ ಸುಮಾರು 25ನೇ ವಯಸ್ಸಿನವರೆಗೂ ಮುಂದುವರಿಯುವುದರಿಂದ ಹದಿಹರೆಯದವರಿಗೆ ಹಾನಿ ಹೆಚ್ಚು. ಅನುವಂಶೀಯ ಮನೋರೋಗದ ಹಿನ್ನೆಲೆಯುಳ್ಳವರಲ್ಲಿ ಇದು ಚಿತ್ತವಿಕಲತೆಗೆ ಹಾದಿ ಮಾಡಬಹುದು. ಹೃದ್ರೋಗಿಗಳು ಮತ್ತು ಗರ್ಭಿಣಿಯರು ಸಂಪೂರ್ಣ ದೂರವಿರಬೇಕು. ಟಿಎಚ್‌ಸಿ ಮಾಸುವಿನ ಮೂಲಕ ಭ್ರೂಣವನ್ನೂ, ಎದೆಹಾಲಿನ ಮೂಲಕ ಶಿಶುವನ್ನೂ ಸೇರುತ್ತದೆ. ಗಾಂಜಾ ಚಟವಾಗದು ಎಂಬ ನಂಬಿಕೆಯೂ ಸರಿಯಲ್ಲ. ನಿತ್ಯ ಸೇವಿಸುವವರು ಬಿಟ್ಟಾಗ ನಿದ್ರಾಹೀನತೆ, ಸಿಡುಕು, ಹಸಿವಿಲ್ಲದಿರುವಿಕೆ ಕಾಡುತ್ತವೆ.

ಔಷಧಿಯಾಗಿಯೂ ಇದರ ಬಳಕೆಯುಂಟು. ಕ್ಯಾನ್ಸರ್ ಚಿಕಿತ್ಸೆಯಿಂದ ಉಂಟಾಗುವ ವಾಂತಿಯ ನಿವಾರಣೆಗೆ, ಕೃತಕವಾಗಿ ತಯಾರಿಸಿದ ಟಿಎಚ್‌ಸಿಯಾದ ಡ್ರೊನಾಬಿನಾಲ್‌ಗೆ ಅಮೆರಿಕ 1985ರಲ್ಲಿ ಅನುಮತಿ ನೀಡಿತು. ಆದರೆ ಅಳೆದು ಕೊಡುವ ಮಾತ್ರೆಗೂ ಅಳತೆಯಿಲ್ಲದ ಲೋಟಕ್ಕೂ ಹೋಲಿಕೆ ಸಲ್ಲದು.

ಅತಿಯಾಗಿ ಸೇವಿಸಿದವರನ್ನು ಒಂಟಿಯಾಗಿ ಬಿಡಬಾರದು, ವಾಹನ ಚಲಾಯಿಸಲು ಬಿಡಲೇಬಾರದು. ಎದೆನೋವು, ಪ್ರಜ್ಞಾಹೀನತೆ ಅಥವಾ ತೀವ್ರ ಗೊಂದಲ ಕಂಡರೆ, ಮಕ್ಕಳು ಅರಿಯದೆ ತಿಂದಿದ್ದರೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಸೇವಿಸಿದ್ದೇನೆಂಬುದನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಿದರೆ ಚಿಕಿತ್ಸೆ ಸುಲಭವಾಗುತ್ತದೆ. ಚಟ ಬಿಡಲು ನೆರವು ಬೇಕಾದವರು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.