ಅಂಕಗಳ ವಾಮಗತಿಯೂ ಶಾಸನಕಾಲನಿರ್ಣಯವೂ

ಮಸ್ಕಿಯ ಅಶೋಕಶಾಸನವು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದುದೂ, ಅದರಲ್ಲಿ ಅಶೋಕನ ಹೆಸರೇ ದೊರೆತುದೂ ವಾಚಕರಿಗೆ ವಿದಿತವಾದ ಸಂಗತಿಗಳು. ಅದೇ ಸೀಮೆಯ ಗುರುಗುಂಟೆಯು ನಿಜಾಮರ ಆಳಿಕೆಯಲ್ಲಿ ಒಂದು ಸಣ್ಣ ಸಂಸ್ಥಾನವಾಗಿದ್ದಿತು. ಅಲ್ಲಿಯ ಜನರ ಮಾತು ಕನ್ನಡ. ಹೈದರಾಬಾದಿನ ದಫ್ತರದ ಭಾಷೆ ಉರ್ದು. ಉರ್ದುವಿನ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅದೇ ಸಾಲಿನ ಅಂಕಗಳು ಎಡದಿಂದ ಬಲಕ್ಕೆ ನಿಲ್ಲುತ್ತವೆ. ಒಂದೇ ಪಂಕ್ತಿಯಲ್ಲಿ ಎರಡು ಗತಿ!

ಇದು ನಮ್ಮ ನಾಡಿಗೆ ಹೊಸತೇನಲ್ಲ. ಬ್ರಹ್ಮಗಿರಿಯ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದನು. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿಯಾದರೋ ಬ್ರಾಹ್ಮಿಯ ಕೆಲವು ಸಾಲುಗಳೇ ತಿರುವುಮುರುವಾಗಿವೆ. ಆದರೆ ಅಕ್ಷರದ ಗತಿ ತಪ್ಪಿದರೆ ಅರ್ಥ ಕೆಟ್ಟು ತಪ್ಪು ತಾನೇ ಬಯಲಾಗುತ್ತದೆ. ಅಂಕದ ಗತಿ ತಪ್ಪಿದರೆ ಬೇರೊಂದು ಅಂಕ ಹುಟ್ಟುತ್ತದೆ. ಅದೂ ಅರ್ಥವತ್ತಾಗಿಯೇ ತೋರುತ್ತದೆ. ಅಪಾಯವಿರುವುದು ಇಲ್ಲಿ.

ಕನ್ನಡಿಗನು ಇಪ್ಪತ್ತೊಂದು ಎಂದು ಹತ್ತರ ಸ್ಥಾನವನ್ನು ಮೊದಲು ನುಡಿಯುತ್ತಾನೆ. ಸಂಸ್ಕೃತದ ಏಕವಿಂಶತಿಯಲ್ಲಿ ಬಿಡಿಯು ಮುಂದು. ಭೂತಸಂಖ್ಯೆಯಲ್ಲಿ ಈ ಎರಡನೆಯ ಕ್ರಮವೇ ನಿಯಮವಾಯಿತು. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಚಂದ್ರನೆಂದರೆ 1, ವೇದವೆಂದರೆ 4, ಗಗನವೆಂದರೆ ಸೊನ್ನೆ. ಮೊದಲ ಪದ ಬಿಡಿಸ್ಥಾನದ್ದು.

ನಾನೇ ಕಟ್ಟಿದ ಒಂದು ಉದಾಹರಣೆಯನ್ನು ಪರಿಶೀಲಿಸೋಣ. ‘ಶಶಿ-ವೇದ-ಗಗನ-ಚಂದ್ರ’ ಎಂಬ ಶಕವರ್ಷವನ್ನು ವಾಮಗತಿಯಿಂದ ಓದಿದರೆ 1041, ನೇರವಾಗಿ ಓದಿದರೆ 1401. ಮೊದಲನೆಯದು ಕ್ರಿ. ಶ. 1119, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನಿದ್ದ ಕಾಲ. ಎರಡನೆಯದು 1479, ರಾಯಚೂರು ದೋಆಬಿಗಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಹೋರಾಟ ನಡೆದಿದ್ದ ಶತಮಾನ. ಸಂವತ್ಸರದ ಹೆಸರನ್ನು ನೋಡಿ ತೀರ್ಮಾನಿಸಬಹುದೆಂದು ತೋರೀತು. ಅದೂ ನೆರವಾಗದು! ಎರಡು ವರ್ಷಗಳ ಅಂತರ 360, ಅಂದರೆ ಆರು ಷಷ್ಟಿಗಳು ಸರಿಯಾಗಿ. ಎರಡೂ ವಿಕಾರಿ ಸಂವತ್ಸರವೇ. ಮೂಲಶಿಲೆ ಉಳಿದಿದ್ದರೆ ಅಕ್ಷರಗಳ ರೂಪವೇ ಸಾಕ್ಷಿ. ಪಾಠವು ಈಚಿನ ಓಲೆಯ ಪ್ರತಿಯಲ್ಲಿ ಮಾತ್ರ ಉಳಿದಿದ್ದರೆ ತಿಥಿವಾರಗಳನ್ನೂ ಗ್ರಹಣವನ್ನೂ ಗಣಿಸಿಯೇ ನಿರ್ಣಯಿಸಬೇಕು.

ಗಣಕಯಂತ್ರ ಕಟ್ಟಿದವರು ಇದೇ ತೊಡಕಿಗೆ ಸಿಕ್ಕಿದ್ದು ವಿನೋದದ ಸಂಗತಿ. ಯಂತ್ರದ ಸ್ಮೃತಿಯು ಬೈಟುಗಳೆಂಬ ಸಣ್ಣ ಮನೆಗಳ ಸಾಲು. ದೊಡ್ಡ ಸಂಖ್ಯೆಯೊಂದು ಹಲವು ಮನೆಗಳನ್ನು ಹಿಡಿಯುತ್ತದೆ. 1964ರ ಐಬಿಎಂ 360 ಯಂತ್ರವು ಹಿರಿಯ ಬೈಟನ್ನು ಮುಂದಿಟ್ಟಿತು; 1978ರ ಇಂಟೆಲ್ 8086 ಕಿರಿಯದನ್ನು, ಎಂದರೆ ವಾಮಗತಿಯನ್ನು, ಹಿಡಿಯಿತು. 1980ರಲ್ಲಿ ಡ್ಯಾನಿ ಕೋಹೆನ್ ಎಂಬವರು ಈ ಎರಡು ಪಂಗಡಗಳಿಗೆ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದ ಸ್ವಿಫ್ಟನ ಕಥೆಯ ಜನರ ಹೆಸರುಗಳನ್ನಿಟ್ಟರು. ಯೂನಿಕೋಡಿನಲ್ಲಿ ನಮ್ಮ ‘ಕ’ಕಾರದ ಅಂಕ 3221. ಎರಡು ಬೈಟುಗಳಲ್ಲಿಟ್ಟಾಗ ಅದು 12, 149 ಎಂದಾಗುತ್ತದೆ. ಕ್ರಮ ತಿರುಗಿದರೆ 38156. ಕನ್ನಡದ ಅಕ್ಷರವಿದ್ದಲ್ಲಿ ಚೀನೀ ಲಿಪಿಯ ಚಿಹ್ನೆಯೊಂದು ಮೂಡುತ್ತದೆ. ಆದುದರಿಂದ ಕಡತದ ಆರಂಭದಲ್ಲಿ ಒಂದು ಗುರುತನ್ನಿಡುವ ಪದ್ಧತಿಯುಂಟು. ಅದನ್ನು ತಿರುಗಿಸಿ ಓದಿದರೆ ಯಾವ ಅಕ್ಷರವೂ ಆಗದು. ಯಂತ್ರವು ಒಡನೆ ಎಚ್ಚರಗೊಳ್ಳುತ್ತದೆ. ನಮ್ಮ ಉದಾಹರಣೆಯ ಸಂವತ್ಸರವು ಮಾಡಲಾರದ ಕೆಲಸವನ್ನು ಈ ಗುರುತು ಮಾಡುತ್ತದೆ.

ಇನ್ನೊಂದು ಮಾತು. ನಾಲ್ಕು ಬೈಟಿನ ಸಂಖ್ಯೆಯು ನಾಲ್ಕರಿಂದ ಭಾಗವಾಗುವ ಮನೆಯಲ್ಲಿ ಆರಂಭವಾಗಲೆಂದು ಯಂತ್ರಗಳಲ್ಲಿ ನಡುನಡುವೆ ಮನೆಗಳನ್ನು ಬರಿದಾಗಿ ಬಿಡುತ್ತಾರೆ. ಆ ಬರಿಮನೆಯನ್ನೂ ಲೆಕ್ಕಕ್ಕೆ ಹಿಡಿದ ಓದು ಕೆಡುತ್ತದೆ. ಓಲೆಗರಿಯಲ್ಲಿ ದಾರದ ತೂತಿನ ಸುತ್ತ ಲಿಪಿಕಾರನು ಪದದ ನಡುವೆಯೇ ಎಡೆ ಬಿಡುತ್ತಿದ್ದನು. ಶಿಲೆಯಲ್ಲಿ ಬಿರುಕು ಬಂದೆಡೆಯನ್ನು ಕಂಡರಣೆಗಾರನು ದಾಟಿ ಮುಂದೆ ಕೊರೆಯುತ್ತಿದ್ದನು. ಅಂಥ ಎಡೆಯನ್ನು ಅಳಿದ ಅಕ್ಷರವೆಂದೆಣಿಸಿ ಸಂಪಾದಕನು ತುಂಬಿಸಹೊರಟರೆ, ಕವಿ ಬರೆಯದ ಮಾತ್ರೆಯೊಂದು ಪದ್ಯದಲ್ಲಿ ಹೆಚ್ಚಾಗಿ ಛಂದಸ್ಸು ಕುಂಟುತ್ತದೆ.