ಪಣಕ್ಕೆ ಇಟ್ಟದ್ದು ಏನು?

ಕಳೆದ ಬೇಸಿಗೆ ರಜೆಗೆ ಮೊಮ್ಮಗ ಗದಗಿಗೆ ಬಂದಿದ್ದ. ಊಟಕ್ಕೆ ಎಷ್ಟು ಕರೆದರೂ ಮೊಬೈಲಿನ ಆಟದಿಂದ ತಲೆ ಎತ್ತಲಿಲ್ಲ. "ಏನ್ ಹುಚ್ಚೋ ಇದು?" ಎಂದು ಬೈದೆ. "ಆಯಿ, ಇದು ಬರೇ ಆಟ ಅಲ್ಲ, ಕಲಾ ಐತಿ. ಚಿತ್ರಾ ನೋಡು, ಸಂಗೀತ ಕೇಳು" ಎಂದು ಫೋನನ್ನು ನನ್ನ ಮುಂದೆ ಹಿಡಿದ.

ಚಿತ್ರ ಚೆನ್ನಾಗಿಯೇ ಇತ್ತು. ಆದರೆ ನನಗೆ ನೆನಪಾದವಳು ನನ್ನವ್ವ. ಬೀಸುವಾಗ ಆಕೆ ನಾಟಕದ ಹಾಡು ಗುನುಗಿದರೆ ಅಜ್ಜಿ, "ಮರ್ಯಾದಸ್ಥರ ಮನಿಯಾಗ ನಾಟಕದ ಹಾಡೇನು?" ಎಂದು ಗದರುತ್ತಿದ್ದಳು. ಅವ್ವ ಸುಮ್ಮನಾಗುತ್ತಿದ್ದಳು. ಈಗ ಅದೇ ದನಿ ನನ್ನ ಬಾಯಲ್ಲಿ ಬಂದಿತ್ತು.

ಕಂಪನಿ ನಾಟಕವನ್ನು ಎಷ್ಟೋ ಮನೆಗಳಲ್ಲಿ ಅಗ್ಗದ ಮನರಂಜನೆ ಎಂದೇ ಎಣಿಸುತ್ತಿದ್ದರು. ಆದರೆ 1870ರ ದಶಕದಲ್ಲಿ ಶಾಂತಕವಿಗಳು ಇದೇ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದಾಗ, ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಈ ಸೀಮೆಯಲ್ಲಿ ಕನ್ನಡಕ್ಕೊಂದು ರಂಗ ಸಿಕ್ಕಿತು. ಮುಂದೆ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಲು ನಾಟಕ ಕಂಪನಿಯನ್ನೇ ಆಸರೆ ಮಾಡಿಕೊಂಡರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಆಡಿಸಿ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ನಕ್ಕು ಹಗುರಾಗಲು ಟಿಕೀಟು ಕೊಂಡವರ ದುಡ್ಡಿನಲ್ಲಿ ಮಕ್ಕಳು ರಾಗ ಕಲಿತರು. ಇದರಲ್ಲಿ ಮನರಂಜನೆ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು?

ಇನ್ನೂ ಹಿಂದಕ್ಕೆ ಹೋಗೋಣ. ಲಕ್ಕುಂಡಿ, ಲಕ್ಷ್ಮೇಶ್ವರಗಳೂ ಸೇರಿದ್ದ ಕಲ್ಯಾಣ ಚಾಲುಕ್ಯ ರಾಜ್ಯವನ್ನು ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವಿದೆ. ಅದರಲ್ಲಿ ಹಾಡು, ಕುಣಿತ, ಕತೆ, ಕುಸ್ತಿ ಎಲ್ಲಕ್ಕೂ 'ವಿನೋದ' ಎಂಬ ಒಂದೇ ಭಾಗ. ಪಗಡೆ, ಕವಡೆಯಾಟಗಳು ಅದರ ಮಗ್ಗುಲಿನ 'ಕ್ರೀಡೆ'ಯ ಭಾಗದಲ್ಲಿವೆ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 14 ವಿಡಿಯೋ ಗೇಮುಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ, ಇವೂ ಕಲೆಯೇ ಎಂದು ಮೂಗು ಮುರಿದವರಿದ್ದರು. ಸೋಮೇಶ್ವರ ಇದ್ದಿದ್ದರೆ ಅವನಿಗೇನೂ ಅಚ್ಚರಿ ಆಗುತ್ತಿರಲಿಲ್ಲ.

ಹಾಗಾದರೆ ಮಕ್ಕಳು ಆಡುವುದೆಲ್ಲ ಸರಿಯೇ? ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದನೆಂದು ನಾವು ನಂಬಿದ ಗದುಗಿನ ಭಾರತದಲ್ಲೂ ಒಂದು ಆಟವಿದೆ. ಶಕುನಿಯ ಕೈಚಳಕವನ್ನೂ ಕಲೆ ಎನ್ನಬಹುದು. ಆದರೆ ಆಡಿದವರು ಗಂಡಸರು, ಪಣಕ್ಕೆ ಬಿದ್ದವಳು ದ್ರೌಪದಿ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದಾಗ ನನಗೆ ಆ ಸಭೆಯೇ ಕಣ್ಣ ಮುಂದೆ ಬಂತು. ಗಂಡನೋ ಮಗನೋ ಸೋತರೆ ತಾಳಿ ಬಿಚ್ಚಿಕೊಡುವವಳು ಮನೆಯ ಹೆಂಗಸೇ ಅಲ್ಲವೇ?

ಹಣವಷ್ಟೇ ಪಣವಲ್ಲ, ನಿದ್ದೆ, ಊಟ, ಓದು, ಮನೆಯವರೊಂದಿಗಿನ ಮಾತು ಎಲ್ಲವೂ ಪಣವೇ. ನಾಟಕಕ್ಕೆ ಕೊನೆಗೊಂದು ಮಂಗಳದ ಹಾಡಿತ್ತು, ಅದಾದ ಮೇಲೆ ಜನ ಎದ್ದು ಮನೆಗೆ ಹೋಗುತ್ತಿದ್ದರು. ಈ ಆಟಗಳಲ್ಲಿ ಎಷ್ಟೋ ಆಟಗಳಿಗೆ ಮಂಗಳವೇ ಇಲ್ಲ. ಕಲೆಯೋ ಮನರಂಜನೆಯೋ ಎಂದು ಕೇಳುವ ಮೊದಲು, ಪಣಕ್ಕೆ ಇಟ್ಟದ್ದು ಏನು ಎಂದು ಕೇಳಬೇಕು.

ಮರುದಿನ ಮೊಮ್ಮಗನ ಮಗ್ಗುಲಲ್ಲಿ ಕೂತೆ. "ನನಗೂ ಕಲಸು. ಆದ್ರ ಒಂದ ಆಟ, ಆಮ್ಯಾಲೆ ಊಟ" ಎಂದೆ. ನನ್ನ ಗೊಂಬೆ ಮೂರು ಸಲ ಹೊಂಡಕ್ಕೆ ಬಿತ್ತು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ರೊಟ್ಟಿ ಆರುವ ಮೊದಲೇ ಇಬ್ಬರೂ ತಾಟಿನ ಮುಂದೆ ಕೂತೆವು.